ಆಗಾಗ ಕೈಕೊಡುವ ಆಫೀಸ್ ಸರ್ವರ್: ಎಲ್ಲಿಂದ ಹುಡುಕಬೇಕು, ಏನನ್ನು ಮುಟ್ಟಬಾರದು

ಪೂರ್ತಿ ಕೆಟ್ಟುಹೋದ ಸರ್ವರ್ ಸುಲಭ. ಆನ್ ಆಗುವುದಿಲ್ಲ, ಬಿಚ್ಚುತ್ತೀರಿ, ಸುಟ್ಟಿದ್ದನ್ನು ಬದಲಿಸುತ್ತೀರಿ, ಮುಗಿಯಿತು. ಜೀವ ತಿನ್ನುವುದು ಅರ್ಧ ಕೆಟ್ಟ ಸರ್ವರ್. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಹ್ಯಾಂಗ್ ಆಗುತ್ತದೆ, ರಿಪೇರಿಯವರು ಬಂದು ಎದುರಿಗೆ ಕೂತರೆ ಒಂದು ತೊಂದರೆಯೂ ಇಲ್ಲದೆ ಓಡುತ್ತದೆ, ಅವರು ಬೈಕ್ ಸ್ಟಾರ್ಟ್ ಮಾಡಿ ಹೋದ ಹತ್ತು ನಿಮಿಷಕ್ಕೆ ಮತ್ತೆ ಶುರು. ಆಮೇಲೆ ಯಾರೋ ಒಬ್ಬರು "ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ" ಅನ್ನುತ್ತಾರೆ. ಆ ಮಾತಿಗೆ ಒಪ್ಪಬೇಡಿ. ಕನಿಷ್ಠ ಇದನ್ನು ಓದಿ ಮುಗಿಸುವವರೆಗಾದರೂ ಒಪ್ಪಬೇಡಿ.

ಸರ್ವರ್ ಅಂದರೆ ಇಲ್ಲಿ ದೊಡ್ಡ ಡೇಟಾ ಸೆಂಟರಿನ ಮಾತಲ್ಲ. ಆಡಿಟರ್ ಆಫೀಸಿನ ಮೂಲೆಯಲ್ಲೋ, ಅಕ್ಕಿ ಗಿರಣಿಯ ಗುಮಾಸ್ತರ ಟೇಬಲ್ ಕೆಳಗೋ, ಸಹಕಾರ ಸಂಘದ ಕೌಂಟರ್ ಹಿಂದೆಯೋ ಕೂತಿರುವ ಒಂದು ಟವರ್ ಡಬ್ಬ. ಅದರಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನ ಡೇಟಾ, ಎಲ್ಲರೂ ಬಳಸುವ ಒಂದು ಶೇರ್ ಫೋಲ್ಡರ್, ಸ್ಕ್ಯಾನ್ ಮಾಡಿದ ಕಾಗದಗಳು. ಅದನ್ನು ನಂಬಿಕೊಂಡು ಆರರಿಂದ ಹದಿನೈದು ಜನ. ನಾನು ದಾವಣಗೆರೆ ಸುತ್ತಮುತ್ತ ಇಂಥ ಡಬ್ಬಗಳನ್ನು ನೋಡಿಕೊಳ್ಳುತ್ತಾ ಬಂದಿದ್ದೇನೆ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾಗಿರುವ ಮಾತು ಒಂದೇ: "ಯಾವಾಗ ಬೇಕಾದರೂ ಕೆಡುತ್ತೆ" ಅನ್ನುವ ಸರ್ವರ್ ನಿಜಕ್ಕೂ ಯಾವಾಗ ಬೇಕಾದರೂ ಕೆಡುವುದಿಲ್ಲ. ಅದಕ್ಕೊಂದು ಹೊತ್ತು ಇರುತ್ತದೆ, ಒಂದು ಕಾರಣ ಇರುತ್ತದೆ. ಆ ಹೊತ್ತು ಯಾವುದು ಅಂತ ಬರೆದಿಟ್ಟವರು ಇರುವುದಿಲ್ಲ, ಅಷ್ಟೇ.

ಮೊದಲು ಕಾಪಿ, ಆಮೇಲೆ ಕೈ

ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮುಂಚೆ ಡೇಟಾ ಕಾಪಿ ಆಗಬೇಕು. ಸರ್ವರ್ ಈಗ ಓಡುತ್ತಿದೆಯಾ? ಹಾಗಾದರೆ ಈಗಲೇ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ, ಎಲ್ಲರಿಗೂ ಟ್ಯಾಲಿ ಮುಚ್ಚಲು ಹೇಳಿ, ಮೊದಲು ಟ್ಯಾಲಿ ಡೇಟಾ ಫೋಲ್ಡರ್, ಆಮೇಲೆ ಶೇರ್ ಫೋಲ್ಡರ್, ಆಮೇಲೆ ಉಳಿದದ್ದು. ವಿಂಡೋಸ್ ಹೋದರೆ ಮತ್ತೆ ಹಾಕಬಹುದು, ಮೂರು ವರ್ಷದ ವೋಚರ್ ಮತ್ತೆ ಬರೆಯಲು ಆಗುವುದಿಲ್ಲ. ಡಿಸ್ಕ್ ಕೊನೆಯುಸಿರಲ್ಲಿದ್ದರೆ ಅದರಿಂದ ಎಷ್ಟು ಹೊತ್ತು ಓದಿಸಲು ಸಾಧ್ಯ ಅಂತ ಯಾರೂ ಹೇಳಲಾರರು, ಹಾಗಾಗಿ ಮುಖ್ಯವಾದದ್ದೇ ಮೊದಲು.

ಬಹಳ ಜನ ಇಲ್ಲಿ ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುತ್ತಾರೆ. ಕಾಪಿ ಆಗುವ ಮುಂಚೆ ಅದನ್ನು ಓಡಿಸಬೇಡಿ. ಅದು ಡಿಸ್ಕನ್ನು ಮೂಲೆ ಮೂಲೆಗೂ ಓಡಾಡಿಸುತ್ತದೆ, ಮೇಲಾಗಿ ತನಗೆ ಸರಿ ಅನ್ನಿಸಿದ ಹಾಗೆ ತಿದ್ದಿ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದು ಔಷಧಿಯಲ್ಲ. ಕೆಟ್ಟ ಡೇಟಾ ತಿದ್ದುವ ಟ್ಯಾಲಿಯ ರೀರೈಟ್ ಕೂಡ ಹಾಗೇ, ಡೇಟಾ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟ ಮೇಲೆಯೇ. ಇನ್ನು ಡಿಸ್ಕಿನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದು ನಿಮ್ಮ ಬಳಿ ಬೇರೆ ಕಾಪಿ ಇಲ್ಲ ಅಂತಾದರೆ, ಪವರ್ ತೆಗೆದು ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಅದು ಡೇಟಾ ರಿಕವರಿ ಮಾಡುವವರ ಕೆಲಸ, ಪ್ರತಿ ಸಲ ಆನ್ ಮಾಡಿದಾಗಲೂ ಅವರಿಗೆ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ.

ನೂರು ಪುಟದ ಒಂದು ನೋಟ್‌ಬುಕ್

ಸರ್ವರ್ ಪಕ್ಕ ಒಂದು ನೋಟ್‌ಬುಕ್ ಇಡಿ, ಅದಕ್ಕೊಂದು ಪೆನ್ನು ದಾರದಲ್ಲಿ ಕಟ್ಟಿ. ದಾರ ಇಲ್ಲದಿದ್ದರೆ ಸಂಜೆಯೊಳಗೆ ಪೆನ್ನು ಇರುವುದಿಲ್ಲ. ಸರ್ವರ್ ಕೈಕೊಟ್ಟಾಗಲೆಲ್ಲ ಯಾರು ನೋಡುತ್ತಾರೋ ಅವರೇ ಬರೆಯಬೇಕು: ತಾರೀಖು, ಗಂಟೆ ನಿಮಿಷ, ಪರದೆ ಮೇಲೆ ಏನಿತ್ತು, ಫ್ಯಾನ್ ತಿರುಗುತ್ತಿತ್ತಾ, ಆಗ ಕರೆಂಟ್ ಹೋಗಿ ಬಂತಾ, ತಾವು ಆ ಕ್ಷಣ ಏನು ಮಾಡುತ್ತಿದ್ದೆವು. "ಬೆಳಿಗ್ಗೆ ಹ್ಯಾಂಗ್ ಆಯ್ತು" ಅಂತ ಬರೆದರೆ ಉಪಯೋಗವಿಲ್ಲ. "10.25, ತಾನೇ ಆಫ್ ಆಗಿ ಆನ್ ಆಯ್ತು, ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು" ಅಂತ ಬರೆದರೆ ಅರ್ಧ ಕೆಲಸ ಮುಗಿದ ಹಾಗೆ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಒಂದು ಆಡಿಟರ್ ಆಫೀಸು. ಅಲ್ಲಿ ಸರ್ವರ್ ದಿನಕ್ಕೆ ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ನನಗಿಂತ ಮುಂಚೆ ಬಂದವರು ಡಬ್ಬದೊಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದ್ದರು, ವಿಂಡೋಸ್ ಎರಡು ಸಲ ಹಾಕಿದ್ದರು, ರ‍್ಯಾಮ್ ಕೂಡ ಹೊಸದು. ದುಡ್ಡು ಹೋಯಿತು, ರೀಸ್ಟಾರ್ಟ್ ಹೋಗಲಿಲ್ಲ. ನಾನೂ ಮೊದಲ ದಿನ ಏನೂ ಕಂಡುಹಿಡಿಯಲಿಲ್ಲ, ನೋಟ್‌ಬುಕ್ ಇಟ್ಟು ಬಂದೆ. ಹತ್ತು ದಿನ ಬಿಟ್ಟು ಹೋಗಿ ನೋಡಿದರೆ 10.25, 2.40, 10.15, 2.50, 5.10, ಹೀಗೆ. ಬೆಳಿಗ್ಗೆ ಆಫೀಸ್ ತೆರೆದ ಸ್ವಲ್ಪ ಹೊತ್ತಿಗೆ, ಮತ್ತೆ ಊಟ ಮುಗಿಸಿ ಬಂದ ಮೇಲೆ. ಎರಡು ಕಡೆ ಅಲ್ಲಿ ಕೆಲಸ ಮಾಡುವ ಹುಡುಗಿ ಅಂಚಿನಲ್ಲಿ ಸಣ್ಣದಾಗಿ "ಚಲನ್ ಪ್ರಿಂಟ್ ಕೊಟ್ಟೆ" ಅಂತ ಬರೆದಿದ್ದಳು. ನಾನು ಟೇಬಲ್ ಕೆಳಗೆ ಬಗ್ಗಿ ವೈರ್ ಹಿಡಿದುಕೊಂಡು ಹೋದೆ. ಲೇಸರ್ ಪ್ರಿಂಟರಿನ ಪ್ಲಗ್ ಸರ್ವರ್ ಇದ್ದ 600 ವಿಎ ಯುಪಿಎಸ್ ಮೇಲೇ ಇತ್ತು. ಲೇಸರ್ ಪ್ರಿಂಟರ್ ಸುಮ್ನೆ ಇದ್ದಾಗ ಹೆಚ್ಚೇನೂ ಎಳೆಯುವುದಿಲ್ಲ. ಆದರೆ ತಣ್ಣಗಾಗಿದ್ದ ಪ್ರಿಂಟರಿಗೆ ಮೊದಲ ಪ್ರಿಂಟ್ ಕೊಟ್ಟಾಗ ಒಳಗಿನ ಹೀಟರ್ ರೋಲರ್ ಬಿಸಿಯಾಗಬೇಕು, ಆ ಕೆಲವು ಕ್ಷಣ ಅದು 500 ವಾಟ್‌ಗೂ ಜಾಸ್ತಿ ಎಳೆಯುತ್ತದೆ. ಆ ಯುಪಿಎಸ್ ತಡೆಯುವುದೇ ಸುಮಾರು 360 ವಾಟ್. ಪ್ರಿಂಟರ್ ಪ್ಲಗ್ ಕಿತ್ತು ನೇರ ಗೋಡೆಯ ಸಾಕೆಟ್‌ಗೆ ಹಾಕಿದೆ. ಅಷ್ಟೇ ರಿಪೇರಿ.

ಲೇಸರ್ ಪ್ರಿಂಟರ್, ಜೆರಾಕ್ಸ್ ಮೆಷಿನ್, ಟೇಬಲ್ ಫ್ಯಾನ್, ಚಹಾ ಕೆಟಲ್, ಯಾವುದೂ ಸರ್ವರ್ ಇರುವ ಯುಪಿಎಸ್ ಮೇಲೆ ಇರಬಾರದು. ಸರ್ವರ್, ಎಲ್ಲ ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್, ರೂಟರ್, ಬೇಕಿದ್ದರೆ ಒಂದು ಮಾನಿಟರ್. ಮುಗಿಯಿತು.

ಇನ್ನೊಂದು ನಿಯಮವನ್ನೂ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ ತೆಗೆದು ಹಾಕಿ, ಕೇಬಲ್ ಬದಲಿಸಿ, ವಿಂಡೋಸ್ ಅಪ್‌ಡೇಟ್ ಕೂಡ ಮಾಡಿ ಸರಿಹೋಯಿತು ಅಂದುಕೊಳ್ಳಿ, ಯಾವುದರಿಂದ ಸರಿಹೋಯಿತು? ಮುಂದಿನ ಸಲ ಮತ್ತೆ ಮೂರನ್ನೂ ಮಾಡಬೇಕಾಗುತ್ತದೆ ಅಲ್ವಾ.

ಸರ್ವರ್ ತಾನೇ ಬರೆದಿಡುವುದು

ವಿಂಡೋಸ್ ಕೂಡ ತನ್ನದೇ ಡೈರಿ ಬರೆಯುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಅಲ್ಲಿ ಕೆಂಪು ಗುರುತುಗಳು ನೂರಾರು ಇರುತ್ತವೆ, ಚೆನ್ನಾಗಿರುವ ಮೆಷಿನ್‌ನಲ್ಲೂ ಇರುತ್ತವೆ, ಗಾಬರಿಯಾಗಬೇಡಿ. ನೋಟ್‌ಬುಕ್ಕಿನಲ್ಲಿರುವ ಹೊತ್ತಿಗೆ ಹೋಗಿ ಅದರ ಹಿಂದು ಮುಂದಿನ ಐದು ನಿಮಿಷ ಮಾತ್ರ ನೋಡಿ. 41 ಮತ್ತು 6008 ಅನ್ನುವ ನಂಬರ್ ಇದ್ದರೆ, ಸರಿಯಾಗಿ ಶಟ್‌ಡೌನ್ ಆಗದೆ ಮೆಷಿನ್ ದಿಢೀರ್ ನಿಂತಿದೆ ಅಂತ ಅರ್ಥ. ಕಾರಣವನ್ನು ಅವು ಹೇಳುವುದಿಲ್ಲ, ಯಾಕೆಂದರೆ ಮತ್ತೆ ಆನ್ ಆದ ಮೇಲೆ ಬರೆದ ಸಾಲುಗಳು ಅವು. 41ರ ಜೊತೆ ನೀಲಿ ಪರದೆಯ (ವಿಂಡೋಸ್ ಕುಸಿದಾಗ ಬರುವ ಪರದೆ) ಕೋಡ್ ಯಾವುದೂ ಇಲ್ಲದಿದ್ದರೆ ನಾನು ಮೊದಲು ಕರೆಂಟ್ ಮತ್ತು ಬಿಸಿಯ ಕಡೆ ಹೋಗುತ್ತೇನೆ, ಕೋಡ್ ಇದ್ದರೆ ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ. 1074 ಇದ್ದರೆ ಯಾವುದೋ ಪ್ರೋಗ್ರಾಮೋ ಯಾರೋ ಬಳಕೆದಾರರೋ ರೀಸ್ಟಾರ್ಟ್ ಹೇಳಿದ್ದಾರೆ, ಯಾರು ಅನ್ನುವುದೂ ಅಲ್ಲೇ ಇರುತ್ತದೆ. ಎಷ್ಟೋ ಸಲ ಅದು ವಿಂಡೋಸ್ ಅಪ್‌ಡೇಟ್. 7 ಅಥವಾ 153 ಡಿಸ್ಕ್ ಹೆಸರಿನಲ್ಲಿ ಬಂದಿದ್ದರೆ ಉಳಿದದ್ದೆಲ್ಲ ಬಿಟ್ಟು ಡಿಸ್ಕ್ ನೋಡಿ.

ವಿಂಡೋಸ್ ಬದಲು ಉಬುಂಟು ಲಿನಕ್ಸ್, ಫೈಲ್ ಹಂಚಲು ಸಾಂಬಾ ಹಾಕಿಕೊಂಡವರು ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ನೋಡಿ. ಸರ್ವಿಸ್‌ಗಳು ಒಂದೊಂದಾಗಿ ನಿಂತ ಸಾಲುಗಳಿದ್ದರೆ ಅದು ಸರಿಯಾದ ಶಟ್‌ಡೌನ್. ಮಾತಿನ ನಡುವೆ ಫೋನ್ ಕಟ್ ಆದ ಹಾಗೆ ಲಾಗ್ ನಿಂತಿದ್ದರೆ ಕರೆಂಟ್ ಅಥವಾ ಹಾರ್ಡ್‌ವೇರ್.

ಕರೆಂಟ್, ಯುಪಿಎಸ್, ಅರ್ಥಿಂಗ್

ನಮ್ಮ ಕಡೆಯ ಆಫೀಸ್‌ಗಳಲ್ಲಿ ಸರ್ವರ್ ಕಾಯಿಲೆ ಬಹಳ ಸಲ ಡಬ್ಬದ ಹೊರಗೇ ಇರುತ್ತದೆ. ಮೊದಲು ಯುಪಿಎಸ್ ಬ್ಯಾಟರಿ. ಸಣ್ಣ ಯುಪಿಎಸ್ ಒಳಗೆ ಇರುವುದು ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ, ನಮ್ಮ ಬಿಸಿಲಿಗೆ ಎರಡು ಮೂರು ವರ್ಷಕ್ಕೆ ಅದರ ಕಥೆ ಮುಗಿಯುತ್ತದೆ. ಹಸಿರು ದೀಪ ಉರಿಯುತ್ತಿದ್ದರೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಪರೀಕ್ಷೆ ಮಾಡುವ ರೀತಿ ಇದು: ಶನಿವಾರ ಸಂಜೆ ಸರ್ವರ್ ಶಟ್‌ಡೌನ್ ಮಾಡಿ, ಅದರ ಜಾಗದಲ್ಲಿ ಹಳೆಯ 100 ವಾಟ್ ಬಲ್ಬ್ ಒಂದನ್ನು ಯುಪಿಎಸ್‌ಗೆ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ, ಗಡಿಯಾರ ನೋಡಿ. ಹತ್ತು ನಿಮಿಷ ನಿಂತರೆ ಸರಿ. ಎರಡು ನಿಮಿಷಕ್ಕೆ ಕೂಗಿ ಸತ್ತರೆ ಬ್ಯಾಟರಿ ಬದಲಿಸಿ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಯುಪಿಎಸ್ ಮೇಲೇ ಬರೆಯಿರಿ.

ಮನೆಗೆ ಹಾಕುವ ಇನ್ವರ್ಟರ್ ಮೇಲೆ ಸರ್ವರ್ ಓಡಿಸುವವರೂ ಇದ್ದಾರೆ. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಒಂದು ಚಿಕ್ಕ ಕ್ಷಣ ತಗೊಳ್ಳುತ್ತದೆ, ಫ್ಯಾನಿಗೂ ಲೈಟಿಗೂ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್ ಮಾತ್ರ ಆ ಕ್ಷಣದಲ್ಲೇ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ನಡುವೆ ಒಂದು ಸಣ್ಣ ಯುಪಿಎಸ್ ಇರಲಿ. ವೋಲ್ಟೇಜ್ ದಿನವಿಡೀ ಏರಿಳಿಯುವ ಊರಿನಲ್ಲಿ ಆಫೀಸ್ ಇದ್ದರೆ ಆನ್‌ಲೈನ್ ಯುಪಿಎಸ್‌ಗೆ ಖರ್ಚು ಮಾಡಿ. ದುಬಾರಿ ಹೌದು. ಆದರೆ ಅದು ಯಾವಾಗಲೂ ತಾನೇ ಕರೆಂಟ್ ತಯಾರಿಸಿ ಕೊಡುವುದರಿಂದ ಹೊರಗಿನ ಏರುಪೇರು ಸರ್ವರ್‌ಗೆ ಮುಟ್ಟುವುದೇ ಇಲ್ಲ.

ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ ಅದು ಡಬ್ಬಿಯಲ್ಲೇ ಉಳಿಯದಿರಲಿ, ಸರ್ವರ್‌ಗೆ ಚುಚ್ಚಿ. ಬ್ಯಾಟರಿ ಇಷ್ಟಕ್ಕೆ ಇಳಿದಾಗ ತಾನೇ ಶಟ್‌ಡೌನ್ ಆಗು ಅಂತ ಹೇಳಿಡಬಹುದು. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಡೇಟಾ ಕೆಟ್ಟಿರುವುದು ಆ ಒಂದು ಕೇಬಲ್ ಇಲ್ಲದೆ. ವಿಂಡೋಸ್‌ಗೂ ಮುಂಚೆ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ನಾನು ಅದನ್ನು ಆಫ್ ಇಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ, ಬೂಟ್ ಆಗುವ ಮಧ್ಯದಲ್ಲೇ ನಾಲ್ಕು ಸಲ ನಿಂತರೆ ಡಿಸ್ಕಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಬಂದವರು ಬಟನ್ ಒತ್ತಲಿ.

ಆಮೇಲೆ ಅರ್ಥಿಂಗ್. ಸರ್ವರ್ ಡಬ್ಬದ ಲೋಹ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯಾ? ಹಾಗಾದರೆ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಇಲ್ಲದ ಹಾಗಿದೆ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರ್ ಇಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬಹುದು, ಮೂರು ದಾಟಬಾರದು. ಹಳೆಯ ಕಟ್ಟಡಗಳಲ್ಲಿ ಉಪ್ಪು ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಎಲ್ಲೋ ಹಿಂಬದಿಯಲ್ಲಿ ಇರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮಣ್ಣು ಒಣಗಿ ಅದು ಕೆಲಸ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಮಾತ್ರ ಕೈಕೊಡುವ ಸರ್ವರ್ ಇದ್ದರೆ ಬಿಸಿಯ ಜೊತೆ ಇದನ್ನೂ ಅನುಮಾನಿಸಿ. ಗುಂಡಿಗೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಿಸಿ.

ಇಷ್ಟೆಲ್ಲ ಸರಿಯಿದ್ದರೂ ದಿಢೀರ್ ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್. ಅದನ್ನು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಚೆನ್ನಾಗಿ ಓಡುತ್ತಿರುವ ಇನ್ನೊಂದು ಮೆಷಿನ್‌ನ ಎಸ್‌ಎಂಪಿಎಸ್ ಎರಡು ದಿನಕ್ಕೆ ತಂದು ಹಾಕಿ ನೋಡಿ, ಅದೇ ನಂಬಬಹುದಾದ ಪರೀಕ್ಷೆ. ಆಗಲೇ ಮದರ್‌ಬೋರ್ಡ್ ಮೇಲೆ ಒಂದು ಟಾರ್ಚ್ ಹಾಯಿಸಿ. ಡ್ರಮ್ಮಿನ ಆಕಾರದ ಸಣ್ಣ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ತಲೆ ಉಬ್ಬಿದ್ದರೆ, ಕಂದು ಬಣ್ಣದ ಕೊಳೆ ಸೋರಿದ್ದರೆ, ಆ ಬೋರ್ಡಿನ ಮೇಲೆ ಇನ್ನು ಖರ್ಚು ಮಾಡಬೇಡಿ.

ಬಿಸಿ ಮತ್ತು ಧೂಳು

ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಸರ್ವರ್ ಮುಚ್ಚಳ ತೆಗೆದಾಗ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಕಾಣಿಸಲೇ ಇಲ್ಲ. ತೌಡಿನ ಧೂಳು ಕಂಬಳಿಯ ಹಾಗೆ ಕೂತಿತ್ತು, ಬೆರಳಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಬಂತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಗಳ ಹತ್ತಿರ ಇದೇ ಧೂಳಿಗೆ ಮಸಿ ಸೇರಿ ಅಂಟಂಟಾಗುತ್ತದೆ, ಬ್ಲೋವರ್‌ಗೂ ಬಗ್ಗುವುದಿಲ್ಲ.

ಸ್ವಚ್ಛ ಮಾಡುವುದು ಹೀಗೆ. ಪ್ಲಗ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ, ಡಬ್ಬವನ್ನು ಹೊರಗೆ ವರಾಂಡಕ್ಕೆ ಒಯ್ಯಿರಿ. ಮೊದಲು ಒಣ ಪೇಂಟ್ ಬ್ರಷ್, ಆಮೇಲೆ ಬ್ಲೋವರ್. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಬುಗುರಿಯ ಹಾಗೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಬೋರ್ಡಿಗೆ ಉಲ್ಟಾ ಕರೆಂಟ್ ಕೂಡ ಹೋಗಬಹುದು. ಒದ್ದೆ ಬಟ್ಟೆ ಬೇಡ. ಎಸ್‌ಎಂಪಿಎಸ್ ಜಾಲರಿಯೊಳಗೆ ಹಲ್ಲಿ ಸತ್ತಿದೆಯಾ, ಇರುವೆ ಗೂಡು ಕಟ್ಟಿವೆಯಾ ನೋಡಿ, ಎರಡನ್ನೂ ನಾನು ಕಂಡಿದ್ದೇನೆ. ಮೂರು ನಾಲ್ಕು ವರ್ಷ ದಾಟಿದ ಮೆಷಿನ್ ಆದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಒರೆಸಿ ಹೊಸದಾಗಿ ಕಡಲೆಬೇಳೆಯಷ್ಟು ಹಾಕಿ. ಗಿರಣಿ, ಜಿನ್ನಿಂಗ್ ಮಿಲ್ಲು, ಮುಖ್ಯರಸ್ತೆ ಪಕ್ಕ ಇದ್ದರೆ ಎರಡು ತಿಂಗಳಿಗೊಮ್ಮೆ, ಉಳಿದವರಿಗೆ ಆರು ತಿಂಗಳಿಗೊಮ್ಮೆ ಸಾಕು.

ಜಾಗವೂ ಮುಖ್ಯ. ನೆಲದ ಮೇಲೆ ಇಡಬೇಡಿ, ಕಸ ಗುಡಿಸುವಾಗ ಏಳುವ ಧೂಳೆಲ್ಲ ಅದಕ್ಕೇ. ಒಂದು ಅಡಿ ಎತ್ತರದ ಸ್ಟೂಲ್ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇರಲಿ. ಬಾಗಿಲು ಹಾಕಿದ ಕಪಾಟಿನೊಳಗಂತೂ ಬೇಡವೇ ಬೇಡ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಎಸಿ ಆಫ್ ಮಾಡಿ ಬೀಗ ಹಾಕಿದ ರೂಮಿನಲ್ಲಿ ಭಾನುವಾರ ಪೂರ್ತಿ ಸರ್ವರ್ ಓಡುತ್ತಿದ್ದರೆ ಸೋಮವಾರ ಬೆಳಿಗ್ಗೆ ತೊಂದರೆ ಗ್ಯಾರಂಟಿ. ರಾತ್ರಿ ಯಾರೂ ಬಳಸುವುದಿಲ್ಲ ಅಂದರೆ ಬ್ಯಾಕಪ್ ಆದ ಮೇಲೆ ಶಟ್‌ಡೌನ್ ಮಾಡಿಯೇ ಹೋಗಿ. ಸರ್ವರ್ ಅಂದರೆ 24 ಗಂಟೆಯೂ ಉರಿಯಬೇಕು ಅನ್ನುವ ನಿಯಮ ಸಣ್ಣ ಆಫೀಸಿಗೆ ಇಲ್ಲ.

ಡಿಸ್ಕ್ ಕೊಡುವ ಸೂಚನೆಗಳು

ಡಿಸ್ಕ್ ಸಾಯುವ ಮುಂಚೆ ಸಾಮಾನ್ಯವಾಗಿ ಹೇಳುತ್ತದೆ, ಆದರೆ ಕೇಳಬೇಕು. ಡಿಸ್ಕಿನ ಆರೋಗ್ಯ ನೋಡಲು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್. ಅದರಲ್ಲಿ ಹತ್ತಿಪ್ಪತ್ತು ಸಾಲು ಬರುತ್ತವೆ, ಹಾರ್ಡ್ ಡಿಸ್ಕಿನಲ್ಲಿ ನಾನು ಮೊದಲು ನೋಡುವುದು ನಾಲ್ಕೇ. 5 ಅನ್ನುವ ನಂಬರಿನ ಸಾಲು ಅಂದರೆ ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಸ್ಥಳಾಂತರ ಆದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಸಣ್ಣ ತುಣುಕುಗಳು. 197 ಅಂದರೆ ಸರಿಯಾಗಿ ಓದಲು ಆಗದೆ ಅನುಮಾನದಲ್ಲಿರುವವು. 198 ಅಂದರೆ ಓದಲು ಆಗಲೇ ಇಲ್ಲದವು. ಈ ಮೂರರಲ್ಲಿ ಸೊನ್ನೆ ಇರಬೇಕು. 5ರಲ್ಲಿ ಒಂದಂಕಿ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಕಣ್ಣಿಟ್ಟಿರಬಹುದು, ವಾರ ವಾರವೂ ಏರುತ್ತಿದ್ದರೆ ಹೊಸ ಡಿಸ್ಕ್ ತನ್ನಿ. 197 ಏರುತ್ತಿದ್ದರೆ ವಾರವೂ ಕಾಯಬೇಡಿ.

ನಾಲ್ಕನೆಯದು 199, ಇದು ಬೇರೆ ತರಹ. ಇದು ಏರುತ್ತಿದ್ದರೆ ಡಿಸ್ಕ್ ತಪ್ಪಲ್ಲ, ಹೆಚ್ಚಿನ ಸಲ ಡಿಸ್ಕನ್ನು ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ತಪ್ಪು. ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಸಿಹೋಗುವುದಿಲ್ಲ, ಹಾಗಾಗಿ ಇವತ್ತಿನ ಅಂಕಿ ನೋಟ್‌ಬುಕ್ಕಿನಲ್ಲಿ ಬರೆದು ವಾರ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಸರಿಹೋಯಿತು. ಸಣ್ಣ ಕೇಬಲ್ಲಿನ ತಪ್ಪಿಗೆ ಒಳ್ಳೆಯ ಡಿಸ್ಕ್ ಎಸೆದವರನ್ನು ನೋಡಿದ್ದೇನೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಈ ನಂಬರ್‌ಗಳು 05, ಸಿ5, ಸಿ6, ಸಿ7 ಅಂತ ಕಾಣಿಸುತ್ತವೆ, ಗಲಿಬಿಲಿಯಾಗಬೇಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಪಾಲಿಸಿ ಪುಟದಲ್ಲಿ ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡುವ ಒಂದು ಟಿಕ್ ಇರುತ್ತದೆ. ಸ್ಪೀಡ್ ಬರುತ್ತೆ ಅಂತ ಯಾರೋ ಹಾಕಿರುತ್ತಾರೆ. ತೆಗೆಯಿರಿ. ಅದು ಇದ್ದರೆ ಡಿಸ್ಕಿಗೆ ಇನ್ನೂ ಇಳಿಯದ ಬರವಣಿಗೆ ಕರೆಂಟ್ ಹೋದ ಕ್ಷಣದಲ್ಲಿ ಕಳೆದುಹೋಗುತ್ತದೆ.

ರ‍್ಯಾಮ್ ವಿಷಯ ಚಿಕ್ಕದು. ನೀಲಿ ಪರದೆ ಪ್ರತಿ ಸಲ ಬೇರೆ ಬೇರೆ ಕೋಡ್ ತೋರಿಸುತ್ತಿದ್ದರೆ ರ‍್ಯಾಮ್ ಕಡೆ ನೋಡಿ. ಕಡ್ಡಿ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕ್ಲಿಕ್ ಅನ್ನುವವರೆಗೆ ಕೂರಿಸಿ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ಸರ್ವರ್‌ಗೆ ಬೇಡ.

"ಸರ್ವರ್ ಹೋಯ್ತು" ಅಂದಾಗ ಸರ್ವರ್ ಹೋಗದೆಯೂ ಇರಬಹುದು

ಆಫೀಸಿನಲ್ಲಿ ಎಲ್ಲರೂ ಸರ್ವರ್ ಹೋಯ್ತು ಅಂದಾಗ ಮೊದಲು ಸರ್ವರ್ ಎದುರು ಹೋಗಿ ಮೌಸ್ ಆಡಿಸಿ. ಅಲ್ಲಿ ಎಲ್ಲ ಸರಿಯಾಗಿದ್ದರೆ ಕಾಯಿಲೆ ದಾರಿಯಲ್ಲಿದೆ. ಒಬ್ಬರಿಗೆ ಮಾತ್ರ ಬರುತ್ತಿಲ್ಲವಾ, ಎಲ್ಲರಿಗೂ ಇಲ್ಲವಾ ಕೇಳಿ. ಒಬ್ಬರಿಗೆ ಮಾತ್ರ ಅಂದರೆ ಅವರ ಕೇಬಲ್. ಎಲ್ಲರಿಗೂ ಅಂದರೆ ನೆಟ್‌ವರ್ಕ್ ಸ್ವಿಚ್ ಅಥವಾ ಸರ್ವರ್‌ನ ಕೇಬಲ್. ಒಂದು ಕಂಪ್ಯೂಟರಿನಿಂದ ಸರ್ವರ್‌ಗೆ ಪಿಂಗ್ (ಇದ್ದೀಯಾ ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್) ಓಡಲು ಬಿಟ್ಟು ಅರ್ಧ ಗಂಟೆ ನೋಡಿ, ಒಂದೇ ಆಫೀಸಿನೊಳಗೆ ಉತ್ತರ 1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರಬೇಕು, ನಡುವೆ ಒಂದೂ ತಪ್ಪಬಾರದು.

ಟ್ಯಾಲಿ ತುಂಬಾ ನಿಧಾನ ಅಂತ ಒಂದು ಕಡೆ ಕರೆದಿದ್ದರು. ಸರ್ವರ್‌ಗೆ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದ್ದರು, ಆದರೂ ನಿಧಾನ. ಸರ್ವರ್‌ನ ನೆಟ್‌ವರ್ಕ್ ಸ್ಟೇಟಸ್ ತೆರೆದರೆ ವೇಗ 1 ಜಿಬಿಪಿಎಸ್ ಇರಬೇಕಾದ ಕಡೆ 100 ಎಂಬಿಪಿಎಸ್. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಇಲಿ ಕಡಿದೋ ಕುರ್ಚಿ ಚಕ್ರ ಹತ್ತಿಯೋ ಒಂದು ತಂತಿ ತುಂಡಾದರೆ ಎಷ್ಟೋ ಸಲ ಕೇಬಲ್ ಪೂರ್ತಿ ಸಾಯುವುದಿಲ್ಲ, ಸುಮ್ನೆ ಹತ್ತನೇ ಒಂದು ಭಾಗ ವೇಗಕ್ಕೆ ಇಳಿದುಬಿಡುತ್ತದೆ. ಕೇಬಲ್ ಬದಲಿಸಿದೆವು, ಆಯಿತು.

ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತಾ ಇಡೀ ಆಫೀಸ್ ನಿಂತಿದ್ದರೆ, ಯಾರೋ ಟೇಬಲ್ ಸರಿಸುವಾಗ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಅದೇ ಸ್ವಿಚ್‌ಗೆ ವಾಪಸ್ ಚುಚ್ಚಿರುತ್ತಾರೆ. ಒಂದೊಂದೇ ಕೇಬಲ್ ಕಿತ್ತು ನೋಡಿ, ಸರಿಯಾದದ್ದು ಕಿತ್ತ ತಕ್ಷಣ ದೀಪ ಶಾಂತವಾಗುತ್ತವೆ. ಕೇಬಲ್‌ಗಳ ಎರಡೂ ತುದಿಗೆ ಹೆಸರು ಬರೆದ ಟೇಪ್ ಅಂಟಿಸಿದ್ದರೆ ಇದು ಆಗುವುದೇ ಇಲ್ಲ.

ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ಇರುವ ಐಪಿ ವಿಳಾಸವೂ ಒಂದು. ಸರ್ವರ್‌ಗೆ ರೂಟರ್ ತಾನಾಗಿ ಕೊಡುವ ವಿಳಾಸ ಇರಬಾರದು, ಇವತ್ತೊಂದು ನಾಳೆಯೊಂದು ಆಗುತ್ತದೆ. ರೂಟರ್ ವಿಳಾಸದ ಕೊನೆಯ ನಂಬರನ್ನು 100ರಿಂದ 200ರವರೆಗೆ ಹಂಚುತ್ತಿದ್ದರೆ ಸರ್ವರ್‌ಗೆ 10 ಕೊಟ್ಟು ಕಾಯಂ ಮಾಡಿ. ಸರ್ವರ್‌ಗೆ ಹಂಚುವ ಸಾಲಿನೊಳಗಿನ ನಂಬರನ್ನೇ ಕೊಟ್ಟರೆ ಒಂದು ದಿನ ಅದೇ ನಂಬರ್ ಯಾರದೋ ಮೊಬೈಲಿಗೆ ಹೋಗುತ್ತದೆ, ಆವತ್ತು ಸರ್ವರ್ ಅರ್ಧ ಜನಕ್ಕೆ ಸಿಗುತ್ತದೆ, ಅರ್ಧ ಜನಕ್ಕಿಲ್ಲ.

ಸಾಮಾನ್ಯ ವಿಂಡೋಸ್ 10 ಅಥವಾ 11ನ್ನೇ ಸರ್ವರ್ ಮಾಡಿಕೊಂಡವರು ನಾಲ್ಕು ಸಂಗತಿ ನೋಡಿ. ಸ್ಲೀಪ್ ಪೂರ್ತಿ ಆಫ್ ಆಗಿರಬೇಕು, ನೆಟ್‌ವರ್ಕ್ ಕಾರ್ಡಿನ ಪವರ್ ಉಳಿತಾಯದ ಟಿಕ್ ತೆಗೆದಿರಬೇಕು. ಅಪ್‌ಡೇಟ್‌ನ ಆಕ್ಟಿವ್ ಅವರ್ಸ್, ಅಂದರೆ ಅದು ತಾನಾಗಿ ರೀಸ್ಟಾರ್ಟ್ ಮಾಡದ ಹೊತ್ತು, ನಿಮ್ಮ ಆಫೀಸ್ ಹೊತ್ತಿಗೆ ಹೊಂದಬೇಕು. ಮತ್ತು ಇದರ ಶೇರ್ ಫೋಲ್ಡರ್‌ಗೆ ಒಂದೇ ಹೊತ್ತಿಗೆ 20 ಕನೆಕ್ಷನ್‌ಗಿಂತ ಜಾಸ್ತಿ ಬಿಡುವುದಿಲ್ಲ, ಜನ ಹೆಚ್ಚಾದಾಗ ಕೊನೆಗೆ ಬಂದವರಿಗೆ ಬಾಗಿಲು ಮುಚ್ಚುತ್ತದೆ. ಸಿ ಡ್ರೈವ್ ಕೆಂಪಾಗಿದ್ದರೆ ಜಾಗ ಮಾಡಿ, ತುಂಬಿದ ಡ್ರೈವ್ ಮೇಲೆ ಎಲ್ಲವೂ ವಿಚಿತ್ರವಾಗಿ ಆಡುತ್ತವೆ. ಆನ್ ಆದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿ ಬದಲಿಸಿ, ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಬ್ಯಾಕಪ್ ಅಂದರೆ ಮನೆಗೆ ಹೋಗುವ ಡಿಸ್ಕ್

ಎರಡು ಡಿಸ್ಕ್ ಹಾಕಿ, ಎರಡರಲ್ಲೂ ಒಂದೇ ಡೇಟಾ ಬರೆಯುವ ರೇಡ್ 1 ಮಾಡಿದ್ದೇವೆ, ಬ್ಯಾಕಪ್ ಇದೆ ಅನ್ನುತ್ತಾರೆ. ಅದು ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಿರಲಿ ಅನ್ನುವ ವ್ಯವಸ್ಥೆ. ಯಾರಾದರೂ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೂ ಹಾಗೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಇಂಥದ್ದೇ ಒಂದು ಜಗತ್ತೆಲ್ಲ ಹಬ್ಬಿದ್ದು ವಿಂಡೋಸ್‌ನ ಹಳೆಯ ಫೈಲ್ ಶೇರಿಂಗ್ ವ್ಯವಸ್ಥೆಯ ತೂತಿನಿಂದ, ಆ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮುಂಚೆ ಮಾರ್ಚ್‌ನಲ್ಲೇ ಬಂದಿತ್ತು. ಆ ಹಳೆಯ ವ್ಯವಸ್ಥೆಯ ಹೆಸರು ಎಸ್‌ಎಂಬಿ 1, ಅದನ್ನು ಆಫ್ ಮಾಡಿ. ಮನೆಯಿಂದ ಕೆಲಸ ಮಾಡಲು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ, ವಿಪಿಎನ್ ಅನ್ನುವ ಸುರಕ್ಷಿತ ದಾರಿಯ ಮೂಲಕ ಬನ್ನಿ.

ನನ್ನ ಪದ್ಧತಿ ಇದು. ಎರಡು ಎಕ್ಸ್‌ಟರ್ನಲ್ ಡಿಸ್ಕ್, ಒಂದಕ್ಕೆ ಸೋಮ ಬುಧ ಶುಕ್ರ ಅಂತ, ಇನ್ನೊಂದಕ್ಕೆ ಮಂಗಳ ಗುರು ಶನಿ ಅಂತ ಸ್ಟಿಕ್ಕರ್. ಸಂಜೆ ಟ್ಯಾಲಿ ಮುಚ್ಚಿದ ಮೇಲೆ ಆ ದಿನದ ಡಿಸ್ಕಿಗೆ ತಾರೀಖಿನ ಹೆಸರಿನ ಹೊಸ ಫೋಲ್ಡರ್ ಮಾಡಿ ಕಾಪಿ. ಹಳೆಯದರ ಮೇಲೆ ಬರೆಯಬೇಡಿ, ಇವತ್ತು ಕೆಟ್ಟ ಡೇಟಾ ನಿನ್ನೆಯ ಒಳ್ಳೆಯದನ್ನು ಅಳಿಸಿಹಾಕುತ್ತದೆ. ಕಾಪಿ ಆದ ಮೇಲೆ ಡಿಸ್ಕ್ ಕಿತ್ತು ಯಜಮಾನರ ಚೀಲದಲ್ಲಿ ಮನೆಗೆ. ಸರ್ವರ್‌ಗೆ ಸದಾ ಚುಚ್ಚಿಕೊಂಡೇ ಇರುವ ಡಿಸ್ಕ್, ಸಿಡಿಲಿಗೂ ವೈರಸ್ಸಿಗೂ ಸರ್ವರ್ ಜೊತೆಗೇ ಹೋಗುತ್ತದೆ. ಕಂಪನಿ ಕಾಯ್ದೆಯ ಕೆಳಗೆ ಬರುವವರಿಗೆ ಇದಿಷ್ಟೇ ಸಾಲದು. 2022ರ ಆಗಸ್ಟ್‌ನ ತಿದ್ದುಪಡಿ ಪ್ರಕಾರ ಲೆಕ್ಕಪುಸ್ತಕದ ಬ್ಯಾಕಪ್ ಪ್ರತಿ ದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು, ಕಾಯ್ದೆ ಪ್ರಕಾರ ಲೆಕ್ಕಗಳು 8 ವರ್ಷ ಸಿಗುವಂತಿರಬೇಕು. ಅಂಥವರು ದೇಶದೊಳಗೇ ಡೇಟಾ ಇಡುವ ಕ್ಲೌಡ್ ಒಂದನ್ನು ಇದರ ಜೊತೆ ಸೇರಿಸಿಕೊಳ್ಳಿ.

ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಫೋಲ್ಡರ್ ಇದೆ ಅಂತ ನೋಡುವುದಲ್ಲ, ಟ್ಯಾಲಿಯಲ್ಲಿ ಕಂಪನಿ ತೆರೆದು ನಿನ್ನೆಯ ಕೊನೆಯ ವೋಚರ್ ಕಾಣುತ್ತದೆಯಾ ಅಂತ. ಆರು ತಿಂಗಳು ದಿನಾ ಬ್ಯಾಕಪ್ ಮಾಡಿ, ಬೇಕಾದ ದಿನ ತೆರೆದರೆ ಖಾಲಿ ಫೋಲ್ಡರ್ ಸಿಕ್ಕವರ ಮುಖ ನಾನು ನೋಡಿದ್ದೇನೆ. ಶಾರ್ಟ್‌ಕಟ್ ಮಾತ್ರ ಕಾಪಿ ಆಗುತ್ತಿತ್ತು.

ಯಾವಾಗ ಮಾಡಬಾರದು, ಯಾವಾಗ ಬಿಡಬೇಕು

ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖು ಜಿಎಸ್‌ಟಿಆರ್ 1, 20ಕ್ಕೆ 3ಬಿ. ಈ ತಾರೀಖುಗಳ ಹಿಂದಿನ ಮೂರು ದಿನ ಸರ್ವರ್‌ನಲ್ಲಿ ಯಾವ ಬದಲಾವಣೆಯೂ ಬೇಡ, ಅಪ್‌ಡೇಟ್ ಕೂಡ. ನನ್ನ ಕೆಲಸವೆಲ್ಲ 21ರಿಂದ ತಿಂಗಳ ಕೊನೆಯೊಳಗೆ. ಗುಡುಗು ಶುರುವಾದರೆ ಪ್ಲಗ್ ಜೊತೆ ಹೊರಗಿನಿಂದ ಬರುವ ತಾಮ್ರದ ಇಂಟರ್ನೆಟ್ ಕೇಬಲ್ಲನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಐದಾರು ವರ್ಷ ದಾಟಿದ ಡಬ್ಬ, ಒಂದು ವರ್ಷದಲ್ಲಿ ಮೂರನೇ ಭಾಗ ಬದಲಿಸುವ ಹೊತ್ತು ಬಂದರೆ ಸಾಕು, ಹೊಸದು ತನ್ನಿ. ವಿಂಡೋಸ್ ಸರ್ವರ್ 2012 ಆರ್2ಗೆ ಮಾಮೂಲಿ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಅವುಗಳ ಮೇಲೆ ಇನ್ನೂ ಓಡಿಸುತ್ತಿದ್ದರೆ ಹಾರ್ಡ್‌ವೇರ್ ಚೆನ್ನಾಗಿದ್ದರೂ ಬದಲಾಯಿಸಲು ಅದೇ ಕಾರಣ ಸಾಕು. ಹೊಸದಕ್ಕೆ ಹೋದ ಮೇಲೆ ಹಳೆಯ ಡಿಸ್ಕನ್ನು ತಕ್ಷಣ ಅಳಿಸಬೇಡಿ, ಮಾರಲೂ ಬೇಡಿ. ತೆಗೆದು, ತಾರೀಖು ಬರೆದು, ಬೀರುವಿನಲ್ಲಿಡಿ. ಮೂರು ತಿಂಗಳೊಳಗೆ ಯಾರಾದರೂ ಬಂದು "ಆ ಹಳೇ ಫೋಲ್ಡರಿನಲ್ಲಿ ಒಂದು ಪಹಣಿ ಸ್ಕ್ಯಾನ್ ಇತ್ತಲ್ಲ" ಅಂತ ಕೇಳಿಯೇ ಕೇಳುತ್ತಾರೆ.